ಈ ಕಡೆ ಹತ್ತು, ಆ ಕಡೆ ಹತ್ತು: ಚಾಕು ಮಸೆಯೋ ಲೆಕ್ಕ ಎಲ್ಲಿ ತಪ್ಪುತ್ತೆ?

ಇವತ್ತಿನ ವಿಷಯ, ಜೇಬಲ್ಲಿಟ್ಟುಕೊಳ್ಳೋ ಮಡಚುವ ಚಾಕು. ತಾತ ಬಳಸ್ತಿದ್ದ ಚಾಕು ನನ್ನ ಕೈಗೆ ಬಂತು. ನಾನು ಬಿಕಾಂ ಓದಿದವನು, ಎರಡೂ ಕಡೆ ಟ್ಯಾಲಿ ಆಗ್ಬೇಕಲ್ಲ! ಈ ಕಡೆ ಹತ್ತು ಸಲ, ಆ ಕಡೆ ಹತ್ತು ಸಲ ಅಂತ ಎಣಿಸಿ ಸಾಣೆಕಲ್ಲಿಗೆ ಉಜ್ಜಿದೆ. ನೋಡಿದ್ರೆ ಅಂಚಿನ ಇಳಿಜಾರು, ಅಂದರೆ ಬೆವೆಲ್, ಒಂದು ಕಡೆ ಅಗಲ, ಇನ್ನೊಂದು ಕಡೆ ದಾರದಷ್ಟು ಸಣ್ಣ. ಹೊಟ್ಟೆ ಉರೀತು. ಸವೆದ ಉಕ್ಕು ವಾಪಸ್ ಬರಲ್ಲ ನೋಡಿ.

ತಪ್ಪು ಎಣಿಕೆಯಲ್ಲಿ ಇರಲಿಲ್ಲ, ಕೋನದಲ್ಲಿತ್ತು. ಪಕ್ಕ ಬದಲಿಸಿದಾಗ ಮಣಿಕಟ್ಟಿನ ಬಾಗು ಬದಲಾಗುತ್ತೆ. ಅಲಗು ಒಂದು ಕಡೆ ಮಲಗುತ್ತೆ, ಇನ್ನೊಂದು ಕಡೆ ಎದ್ದು ನಿಲ್ಲುತ್ತೆ. ಮಲಗಿದ ಕಡೆ ಬೆವೆಲ್ ಅಗಲವಾಗುತ್ತೆ.

ಇದನ್ನ ಹಿಡಿಯೋಕೆ ಒಂದು ಮಾರ್ಕರ್ ಪೆನ್ ಸಾಕು. ಎರಡೂ ಬೆವೆಲ್‌ಗೆ ಬಣ್ಣ ಹಚ್ಚಿ, ಎರಡು-ಮೂರು ಸಲ ಹಗುರವಾಗಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಹರಿತವಾದ ಅಂಚಲ್ಲಿ ಮಾತ್ರ ಬಣ್ಣ ಹೋಗಿದ್ರೆ, ಚಾಕುವಿನ ಬೆನ್ನನ್ನ ಜಾಸ್ತಿ ಎತ್ತಿದ್ದೀರಿ. ಅಂಚಲ್ಲಿ ಬಣ್ಣ ಉಳಿದು ಮೇಲ್ಭಾಗದಲ್ಲಿ ಹೋಗಿದ್ರೆ, ಕಡಿಮೆ ಎತ್ತಿದ್ದೀರಿ. ಪೂರ್ತಿ ಹೋಗಿದ್ರೆ ಕೋನ ಸರಿಯಿದೆ.

ಹಾಗಾದ್ರೆ ಎಷ್ಟು ಎತ್ತಬೇಕು? ಇಂಥ ಚಾಕುಗೆ ಒಂದೊಂದು ಕಡೆ ಸುಮಾರು 20 ಡಿಗ್ರಿ ಸಾಮಾನ್ಯ. ಅಲಗು 2 ಸೆಂ.ಮೀ. ಅಗಲ ಇದ್ರೆ, ಬೆನ್ನು ಕಲ್ಲಿನಿಂದ ಸುಮಾರು 7 ಮಿ.ಮೀ. ಮೇಲಿರಬೇಕು. ಅಷ್ಟು ಎತ್ತರಕ್ಕೆ ನಾಣ್ಯ ಜೋಡಿಸಿ, ಬೆನ್ನನ್ನ ಅದರ ಮೇಲಿಟ್ಟು ಕೋನ ನೋಡ್ಕೊಳ್ಳಿ. ಎರಡೂ ಕಡೆ ಹೀಗೇ ಶುರು ಮಾಡಿ. ಅಲಗಿನ ತುದಿ ಬಾಗಿರೋದರಿಂದ, ಅಲ್ಲಿಗೆ ಬಂದಾಗ ಹಿಡಿಯನ್ನ ಸ್ವಲ್ಪ ಎತ್ತಿ.

ಎಣಿಸೋದು ಬಿಟ್ಟುಬಿಡಿ. ಒಂದು ಕಡೆ ಮಸೆದಾಗ, ಎದುರು ಕಡೆ ಅಂಚಿನುದ್ದಕ್ಕೂ ಸಣ್ಣ ತರಿ ಏಳುತ್ತೆ. ಬೆನ್ನಿನಿಂದ ಅಂಚಿನ ಹೊರಕ್ಕೆ ಬೆರಳು ಸವರಿದ್ರೆ ತಾಗುತ್ತೆ. ಅಂಚಿನುದ್ದಕ್ಕೆ ಮಾತ್ರ ಬೆರಳು ಓಡಿಸಬೇಡಿ, ಕುಯ್ದುಬಿಡುತ್ತೆ! ತರಿ ಬಂದ ಮೇಲಷ್ಟೇ ಪಕ್ಕ ಬದಲಿಸಿ. ಕೊನೆಗೆ ಒಂದೊಂದೇ ಸಲ ಎರಡೂ ಕಡೆ ಹಗುರವಾಗಿ ಉಜ್ಜಿದ್ರೆ ತರಿ ಹೋಗುತ್ತೆ.

ಈಗಾಗಲೇ ಏರುಪೇರಾಗಿದ್ರೆ? ಗಾಬರಿ ಬೇಡ. ಸ್ವಲ್ಪ ವ್ಯತ್ಯಾಸ ಇದ್ರೂ ಚಾಕು ಕತ್ತರಿಸುತ್ತೆ. ಒಂದೇ ದಿನಕ್ಕೆ ಸರಿಮಾಡೋಕೆ ಹೋಗಿ ಉಕ್ಕು ಕಳಕೋಬೇಡಿ. ನಾನು ಪ್ರತಿ ಸಲ ಮಸೆಯೋವಾಗ ಸಣ್ಣ ಕಡೆಗೆ ನಾಲ್ಕು ಉಜ್ಜು ಜಾಸ್ತಿ ಕೊಡ್ತೀನಿ. ತಾತನ ಚಾಕು ಇನ್ನೂ ಪೂರ್ತಿ ಟ್ಯಾಲಿ ಆಗಿಲ್ಲ. ಆದ್ರೆ ಮಾವಿನಕಾಯಿ ಚೆನ್ನಾಗೇ ಹೆಚ್ಚುತ್ತೆ. ಮತ್ತೆ ಸಿಗೋಣ.