ಮದ್ದಿನ ಅಳತೆ: ಕೈಪಿಡಿಗಳು ಒಪ್ಪದಿದ್ದಾಗ

ಹಾರಿಸಿದ ತೋಟಾದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹತ್ತಿಸುವ ಭಾಗ), ಮದ್ದು, ಗುಂಡು ತುಂಬಿ ಮತ್ತೆ ಬಳಸುವುದು ಅಮೆರಿಕದ ಬೇಟೆಗಾರರ, ಗುರಿಕಾರರ ಹಳೆಯ ಹವ್ಯಾಸ. ಎಷ್ಟು ಮದ್ದು ಹಾಕಬೇಕೆಂದು ಅವರು ನೋಡುವುದು ಲೈಮನ್, ಹಾರ್ನಡಿ, ಸಿಯೆರಾ ಕೈಪಿಡಿಗಳನ್ನು ಮತ್ತು ಹಾಡ್ಜ್‌ಡನ್‌ನಂಥ ಮದ್ದಿನ ಕಂಪನಿಗಳ ಕೋಷ್ಟಕಗಳನ್ನು. ಅಳತೆ ಗ್ರೇನ್‌ಗಳಲ್ಲಿ, ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಒಂದೇ ತೋಟಾ, ಒಂದೇ ಮದ್ದು, ಒಂದೇ ತೂಕದ ಗುಂಡು. ಆದರೂ ಗರಿಷ್ಠ ಮಿತಿ ಕೈಪಿಡಿಯಿಂದ ಕೈಪಿಡಿಗೆ ಬೇರೆ.

ನಂಬಿಕೆ: ಹಾಗಾದರೆ ಒಂದು ಕೈಪಿಡಿ ತಪ್ಪು.

ಸತ್ಯ: ಎರಡೂ ಸರಿಯಿರಬಹುದು. ಕೋಷ್ಟಕದ ಪ್ರತಿ ಸಾಲೂ ಒಂದು ಪರೀಕ್ಷೆಯ ವರದಿ: ಇಂಥ ನಳಿಗೆ, ಇಂಥ ಕೇಸು, ಇಂಥ ಪ್ರೈಮರ್, ಮದ್ದಿನ ಇಂಥ ಲಾಟ್ (ತಯಾರಿಕೆಯ ಕಂತು). ಕೇಸಿನ ಗೋಡೆ ದಪ್ಪವಿದ್ದರೆ ಒಳಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ತೂಕ ಒಂದೇ ಆದರೂ ಅಪ್ಪಟ ತಾಮ್ರದ ಗುಂಡು ಸೀಸದ ಗುಂಡಿಗಿಂತ ಉದ್ದ. ಅದು ಕೇಸಿನೊಳಗೆ ಹೆಚ್ಚು ಇಳಿದು ಒಳಜಾಗ ಕಡಿಮೆ ಮಾಡುತ್ತದೆ. ಎಚ್110, ವಿಂಚೆಸ್ಟರ್ 296 ಹೆಸರಿನಲ್ಲಷ್ಟೇ ಎರಡು, ಮದ್ದು ಒಂದೇ. ಹಳೆಯ ಕೈಪಿಡಿಗಳಲ್ಲಿ ಅವಕ್ಕೂ ಬೇರೆ ಬೇರೆ ಮಿತಿಗಳಿದ್ದವು.

ನಂಬಿಕೆ: ಹೊಸ ಕೈಪಿಡಿಗಳು ವಕೀಲರಿಗೆ ಹೆದರಿ ಮಿತಿ ಇಳಿಸಿವೆ, ಹಳೆಯವೇ ನಿಜ.

ಸತ್ಯ: ಇವುಗಳಲ್ಲೆಲ್ಲ ನನಗೆ ಹೆಚ್ಚು ಆತಂಕ ಹುಟ್ಟಿಸುವ ಮಾತು ಇದು. ಮಿತಿಯೊಳಗೆ ಗುಟ್ಟಾಗಿ ಸಡಿಲ ಬಿಟ್ಟಿದ್ದಾರೆಂದು ನಂಬಿದವನು ಅದನ್ನು ದಾಟಿಯೇ ನೋಡುತ್ತಾನೆ. ನಿಜವಾಗಿ ಬದಲಾದದ್ದು ಮುಖ್ಯವಾಗಿ ಅಳೆಯುವ ವಿಧಾನ. ಹಿಂದೆ ಪುಟ್ಟ ತಾಮ್ರದ ಉರುಳೆ ಎಷ್ಟು ಜಜ್ಜಿತು ಎಂಬುದರಿಂದ ಒತ್ತಡವನ್ನು ಅಂದಾಜಿಸುತ್ತಿದ್ದರು. ಕ್ಷಣಾರ್ಧದಲ್ಲಿ ಏರಿ ಇಳಿಯುವ ತುದಿ ಅದಕ್ಕೆ ಪೂರ್ತಿ ಸಿಗುತ್ತಿರಲಿಲ್ಲ. ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಈಗಿನ ಪೀಜೋ ಸಂವೇದಕ ಅದನ್ನು ಹಿಡಿಯುತ್ತದೆ. 1926ರಲ್ಲಿ ಹುಟ್ಟಿದ ಅಮೆರಿಕದ ತಯಾರಕರ ಸಂಸ್ಥೆ ‘ಸಾಮಿ’ಯ ಮಿತಿಗಳನ್ನೇ ನೋಡಿ. ತಾಮ್ರದ ಮಾಪನದಲ್ಲಿ .223 ರೆಮಿಂಗ್ಟನ್, .308 ವಿಂಚೆಸ್ಟರ್ ತೋಟಾಗಳೆರಡಕ್ಕೂ 52,000. ಸಂವೇದಕದಲ್ಲಿ ಮೊದಲನೆಯದಕ್ಕೆ ಚದರ ಇಂಚಿಗೆ 55,000 ಪೌಂಡ್, ಎರಡನೆಯದಕ್ಕೆ 62,000. ಹಳೆಯ ಅಂಕಿಯನ್ನು ಗುಣಿಸಿ ಹೊಸದು ಮಾಡುವ ಸೂತ್ರವೇ ಇಲ್ಲ.

ನಂಬಿಕೆ: ಎರಡು ಕೈಪಿಡಿಗಳ ಅಂಕಿಗಳ ಸರಾಸರಿ ತೆಗೆದರೆ ಅಪಾಯವಿಲ್ಲ.

ಸತ್ಯ: ಸರಾಸರಿ ಯಾರೂ ಪರೀಕ್ಷಿಸದ ಅಂಕಿ. ಹೆಸರು ನೋಡಿ ಕೋಷ್ಟಕ ಬದಲಿಸುವುದೂ ಸಲ್ಲದು: ಎಚ್4895 ಮದ್ದು ಬೇರೆ, ಐಎಂಆರ್ 4895 ಮದ್ದು ಬೇರೆ.

ನಂಬಿಕೆ: ಮದ್ದು ಕಡಿಮೆಯಾದಷ್ಟೂ ಕ್ಷೇಮ.

ಸತ್ಯ: ಎಲ್ಲ ಮದ್ದಿಗೂ ಅಲ್ಲ. ಎಚ್110 ಅನ್ನು ಕೋಷ್ಟಕದ ಅಳತೆಗಿಂತ ಶೇ. 3ಕ್ಕಿಂತ ಹೆಚ್ಚು ಇಳಿಸಬಾರದೆಂದು ತಯಾರಕರೇ ಎಚ್ಚರಿಸಿದ್ದಾರೆ. ಉರಿ ಸರಿಯಾಗಿ ಹತ್ತದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಮುಂದಿನ ಈಡಿಗೆ ನಳಿಗೆ ಸಿಡಿಯಬಹುದು.

ಹಾಗಾಗಿ ಹೋಲಿಸುವಾಗ ಮೊದಲು ಅಂಕಿ ನೋಡಬೇಡಿ, ಪರೀಕ್ಷೆಯ ವಿವರ ನೋಡಿ. ನಿಮ್ಮ ಕೈಯಲ್ಲಿರುವ ಗುಂಡಿನ ತಯಾರಕ, ಆಕಾರ, ಕೇಸು, ಪ್ರೈಮರ್ ಯಾವ ಕೋಷ್ಟಕಕ್ಕೆ ಹತ್ತಿರವೋ ಅದನ್ನು ಹಿಡಿದು, ಅದು ಹೇಳುವ ಆರಂಭದ ಅಳತೆಯಿಂದ ಹೊರಡಿ. ಮದ್ದಿನ ಡಬ್ಬಿಯ ಲಾಟ್ ಬದಲಾದರೆ ಮತ್ತೆ ಅಲ್ಲಿಂದಲೇ.