ಸಡಿಲ ಸಂಧಿಗಳಿಗೆ ಸ್ಥೈರ್ಯದ ಸಾಧನೆ

ಹೆಬ್ಬೆರಳನ್ನು ಮಡಿಚಿ ಮುಂಗೈಗೆ ಮುಟ್ಟಿಸುವ ಬಾಲಕಿಯನ್ನೋ, ಮಂಡಿ ಬಗ್ಗಿಸದೆ ಎರಡು ಅಂಗೈಗಳನ್ನೂ ನೆಲಕ್ಕೆ ಊರುವ ಬಾಲಕನನ್ನೋ ಕಂಡವರು ಇವರ ಮೈ ಬಳ್ಳಿಯಂತೆ ಬಳುಕುವುದೆಂದು ಕೊಂಡಾಡುವುದು ಲೋಕರೂಢಿಯಾದರೂ, ಆ ಬಳುಕೇ ಮುಂದೆ ಕೆಲವರಿಗೆ ಮಂಡಿ, ಭುಜ, ಸೊಂಟಗಳ ಬಿಡದ ನೋವಾಗಿ ಪರಿಣಮಿಸುವುದುಂಟು. ಈ ಅತಿಚಲನಶೀಲತೆಯನ್ನು ವೈದ್ಯರು ಬೈಟನ್ ಮಾಪನದಿಂದ ಅಳೆಯುತ್ತಾರೆ; ಎರಡೂ ಕಡೆಯ ಕಿರುಬೆರಳು, ಹೆಬ್ಬೆರಳು, ಮೊಣಕೈ, ಮಂಡಿಗಳಿಗೆ ತಲಾ ಒಂದರಂತೆ 8, ಮುಂದಕ್ಕೆ ಬಾಗುವ ಬೆನ್ನಿಗೆ 1, ಹೀಗೆ ಒಟ್ಟು 9 ಅಂಕಗಳಲ್ಲಿ ವಯಸ್ಕರಿಗೆ 5 ಅಥವಾ ಅದಕ್ಕೂ ಹೆಚ್ಚು ಬಂದರೆ ಸಂಧಿಗಳು ಸಡಿಲವೆಂದು ಎಣಿಸುವುದು ವಾಡಿಕೆ. ಇದು ತಾನಾಗಿಯೇ ವ್ಯಾಧಿಯಲ್ಲ; ಎಷ್ಟೋ ಮಂದಿ ನರ್ತಕರು ಯಾವ ಉಪದ್ರವವೂ ಇಲ್ಲದೆ ಇದರೊಡನೆ ಬಾಳುತ್ತಾರೆ. ಆದರೆ 2017ರ ವರ್ಗೀಕರಣದಲ್ಲಿ 13 ಬಗೆಗಳಾಗಿ ವಿಂಗಡಿಸಲ್ಪಟ್ಟ ಎಹ್ಲರ್ಸ್-ಡ್ಯಾನ್ಲಾಸ್ ಎಂಬ ಆನುವಂಶಿಕ ವ್ಯಾಧಿಸಮೂಹದಲ್ಲಿ ದೇಹವನ್ನು ಹೆಣೆದು ಹಿಡಿಯುವ ಅಂಗಾಂಶವೇ ದುರ್ಬಲವಾಗಿರುವುದು.

ಎಲುಬುಗಳನ್ನು ಬಿಗಿಹಿಡಿಯಬೇಕಾದ ಅಸ್ಥಿರಜ್ಜುಗಳು ಸಡಿಲವಾದಾಗ ಆ ಹೊಣೆಯೆಲ್ಲ ಸ್ನಾಯುಗಳ ಮೇಲೆ ಬಿದ್ದು, ಅವು ದಿನವಿಡೀ ಬಿಗಿದುಕೊಂಡು ದಣಿಯುತ್ತವೆ. ಇದಕ್ಕಿಂತ ಸೂಕ್ಷ್ಮವಾದ ಕೊರತೆಯೂ ಒಂದುಂಟು: ಕಣ್ಣು ಮುಚ್ಚಿದಾಗಲೂ ಕೈ ಎಲ್ಲಿದೆ, ಕಾಲು ಎಷ್ಟು ಮಡಿಚಿದೆ ಎಂದು ತಿಳಿಸುವ ಒಳಅರಿವು ಇಂಥವರಲ್ಲಿ ಎಷ್ಟೋ ವೇಳೆ ಮಂದವಾಗಿದ್ದು, ಕೀಲು ಎಲ್ಲೆ ಮೀರಿದ್ದು ನೋವಾದ ಮೇಲೆಯೇ ಗೊತ್ತಾಗುವುದು. ಇನ್ನು ನೋವಿಗೆ ಅಂಜಿ ಕದಲದೆ ಕುಳಿತರೆ, ಸ್ನಾಯುಗಳು ಸೊರಗಿ ಕೀಲುಗಳ ಆಸರೆ ಮತ್ತಷ್ಟು ಕುಂದುತ್ತದೆ. ಆದುದರಿಂದಲೇ ಯೋಗದಂಥ, ಗಮನವಿಟ್ಟು ಮಾಡುವ ಮಂದಗತಿಯ ವ್ಯಾಯಾಮ ಇವರಿಗೆ ಹಿತವಾದುದು.

ಹಾಗೆಂದು ಯಾವ ಯೋಗಾಭ್ಯಾಸವಾದರೂ ಸರಿಯೆಂದು ತಿಳಿಯಬಾರದು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾಗುವ ವಿದ್ಯಾರ್ಥಿಯೇ ಅಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯಕ್ಕೊಳಗಾದವನೆಂಬುದನ್ನು ಮೆಚ್ಚುಗೆಯ ನಡುವೆ ಗುರುವೂ ಮರೆಯಬಹುದು. ನೆಟ್ಟಗೆ ನಿಲ್ಲುವ ತಾಡಾಸನವನ್ನೇ ನೋಡಿ: ಇಂಥವನ ಮಂಡಿಗಳು ನೇರವಾಗಿ ನಿಲ್ಲದೆ ಹಿಂದಕ್ಕೆ ಬಾಗಿ ಬೀಗಹಾಕಿದಂತೆ ನಿಲ್ಲುತ್ತವೆ, ದೇಹದ ಭಾರ ಹಿಮ್ಮಡಿಗೆ ಸರಿಯುತ್ತದೆ. ಮಂಡಿಯನ್ನು ಕೂದಲೆಳೆಯಷ್ಟು ಸಡಿಲಿಸಿ ಪಾದದ ಮುಂಭಾಗಕ್ಕೂ ಭಾರವನ್ನು ಹಂಚಿದೊಡನೆ ತೊಡೆಯ ಸ್ನಾಯು ಎಚ್ಚೆತ್ತು ಕೆಲಸಕ್ಕೆ ತೊಡಗುವುದನ್ನು ಕೈಯಿಟ್ಟು ನೋಡಿಯೇ ಅರಿಯಬಹುದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಳಕೆಗೆ ತಂದ ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳು ಬಿಗಿಮೈಯವರನ್ನು ಆಸನಕ್ಕೆ ತಲುಪಿಸುವ ಸಾಧನಗಳಾದರೆ, ಸಡಿಲ ಮೈಯವರಿಗೆ ಅವೇ ಮಿತಿಮೀರದಂತೆ ತಡೆದು ನಿಲ್ಲಿಸುವ ಗಡಿಗಳಾಗಬಲ್ಲವು. ಮೊಣಕಾಲಿನ ಸ್ವಂತ ಗಾಯವೇ ಶೋಧನೆಗೆ ಪ್ರೇರಣೆಯಾದ ಮೋಶೆ ಫೆಲ್ಡೆನ್‌ಕ್ರಾಯ್ಸ್‌ರ ಚಲನಶಿಕ್ಷಣ ಪದ್ಧತಿಯಲ್ಲಿಯೂ ನೆಲದ ಮೇಲೆ ಮಲಗಿ, ನೋವಿಲ್ಲದಷ್ಟು ಕಿರಿದಾದ ಚಲನೆಗಳನ್ನು ನಿಧಾನವಾಗಿ ಆವರ್ತಿಸುತ್ತ, ಅವುಗಳ ವ್ಯತ್ಯಾಸವನ್ನು ಗಮನಿಸುವುದೇ ಮುಖ್ಯ.

ಕೀಲು ಪದೇಪದೇ ಜಾರುವವರೂ, ಎದ್ದು ನಿಂತೊಡನೆ ತಲೆಸುತ್ತಿ ಎದೆಬಡಿತ ಏರುವವರೂ ಮೊದಲು ವೈದ್ಯರನ್ನು ಕಾಣತಕ್ಕದ್ದು. ಉಳಿದವರು ಚಲನೆಯ ತುದಿಗೆ ಮುಟ್ಟುವ ಮುನ್ನವೇ ನಿಂತು, ಉಸಿರು ಸರಾಗವಾಗಿರುವಷ್ಟು ಹೊತ್ತು ಮಾತ್ರ ಅಭ್ಯಸಿಸಲಿ. ಮರುದಿನದ ನೋವು ಎಂದಿಗಿಂತ ಹೆಚ್ಚಿದ್ದರೆ ಹಿಂದಿನ ದಿನದ್ದು ಅತಿಯಾಯಿತೆಂದು ತಿಳಿದು ಅರ್ಧಕ್ಕೆ ಇಳಿಸಲಿ.