ಕಾಂಕ್ರೀಟಿನ ಹೂಕುಂಡ: ಭದ್ರಾವತಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಉದ್ಯಾನಗಳ ಅಂಚಿನಲ್ಲಿಯೂ ಕಚೇರಿಗಳ ಮೆಟ್ಟಿಲ ಪಕ್ಕದಲ್ಲಿಯೂ ಅಲಂಕಾರಕ್ಕಾಗಿ ಇಡುವ ಕಾಂಕ್ರೀಟಿನ ಹೂಕುಂಡಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸುವವರು ವಿರಳ. ಆದರೂ ಆಧುನಿಕ ನಿರ್ಮಾಣವಿದ್ಯೆಯ ಒಂದು ಮುಖ್ಯ ಅಧ್ಯಾಯ ಇಂಥ ಕುಂಡದಿಂದಲೇ ತೊಡಗಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಗಿಡವನ್ನು ಅಲಂಕೃತ ಪೀಠದಲ್ಲಿ ಬೆಳೆಸುವ ರೂಢಿ ನಮಗೆ ಹೊಸದಲ್ಲ. ಕಲ್ಲು ಗಾರೆಗಳ ತುಳಸಿಕಟ್ಟೆಯೇ ಅದಕ್ಕೆ ನಿದರ್ಶನ. ಕಾಂಕ್ರೀಟು ತಂದ ವ್ಯತ್ಯಾಸವೆಂದರೆ ಒಂದೇ ಅಚ್ಚಿನಿಂದ ಅನೇಕ ಕುಂಡಗಳನ್ನು ಎರಕ ಹೊಯ್ಯುವ ಸೌಲಭ್ಯ. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ ಎಂಬಾತನು ಕಬ್ಬಿಣದ ಬಲೆಯನ್ನು ಸಿಮೆಂಟಿನಲ್ಲಿ ಹುದುಗಿಸಿ ಗಿಡದ ತೊಟ್ಟಿಗಳನ್ನು ರಚಿಸಿ, ೧೮೬೭ರಲ್ಲಿ ಅವುಗಳಿಗೆ ಪೇಟೆಂಟು ಪಡೆದನು. ಅದೇ ವಿಧಾನವನ್ನು ಮುಂದೆ ಕೊಳವೆಗಳಿಗೂ ಸೇತುವೆಗಳಿಗೂ ಅನ್ವಯಿಸಲಾಯಿತು.

ಇದರ ತತ್ತ್ವ ಸರಳವಾದುದು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತಕ್ಕೆ ಬೇಗನೆ ಬಿರಿಯುತ್ತದೆ. ತೊಯ್ದ ಮಣ್ಣೂ ಬಲಿಯುವ ಬೇರುಗಳೂ ಕುಂಡದ ಗೋಡೆಯನ್ನು ಹೊರಕ್ಕೆ ತಳ್ಳಿದಾಗ ಸುತ್ತಲೂ ಉಂಟಾಗುವ ಎಳೆತವನ್ನು ಒಳಗಿನ ಕಬ್ಬಿಣವು ಹೊರುತ್ತದೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಅವು ಒಂದನ್ನೊಂದು ಬಿಡುವುದಿಲ್ಲ. ಸಿಮೆಂಟಿನ ಕ್ಷಾರಗುಣವು ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಹೊದಿಕೆ ತೆಳುವಾಗಿದ್ದರೆ ಮಾತ್ರ ಗಾಳಿ ನೀರುಗಳು ಒಳಹೊಕ್ಕು, ತುಕ್ಕು ಉಬ್ಬಿ, ಕುಂಡವು ಸೀಳುತ್ತದೆ. ಮಲೆನಾಡಿನ ಮಳೆಯಲ್ಲಿ ತಳದ ರಂಧ್ರ ಮುಚ್ಚಿಹೋದರೆ ಈ ಹಾನಿ ಇನ್ನೂ ಶೀಘ್ರ.

ಈ ಎರಡು ವಸ್ತುಗಳೂ ಒಂದೇ ಊರಿನಲ್ಲಿ ತಯಾರಾದುದು ಭದ್ರಾವತಿಯ ವೈಶಿಷ್ಟ್ಯ. ಕೆಮ್ಮಣ್ಣುಗುಂಡಿಯ ಅದಿರನ್ನೂ ಕಾಡಿನ ಇದ್ದಿಲನ್ನೂ ಆಶ್ರಯಿಸಿ ಮೈಸೂರು ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ೧೯೩೦ರ ದಶಕದಲ್ಲಿ ಉಕ್ಕೂ ಸಿಮೆಂಟೂ ಅದಕ್ಕೆ ಸೇರಿದುವು.

ಹಾಗೆಂದು, ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಹಳೆಯ ಕುಂಡವೊಂದನ್ನು ಕಂಡೊಡನೆ ಅದು ಭದ್ರಾವತಿಯ ಸಿಮೆಂಟಿನದೆಂದು ನಿರ್ಣಯಿಸುವುದು ಯುಕ್ತವಲ್ಲ. ಸಾಮೀಪ್ಯವು ಪ್ರಮಾಣವಾಗಲಾರದು. ಕಟ್ಟಡದ ಕಾಲ, ಸಾಮಗ್ರಿ ಖರೀದಿಯ ಲೆಕ್ಕಪತ್ರ, ಅಚ್ಚಿನ ಸಂದುಗೆರೆ, ಬಿರುಕಿನಲ್ಲಿ ಕಾಣುವ ತಂತಿಯ ಬಗೆ—ಇವೆಲ್ಲವನ್ನೂ ಒಟ್ಟಿಗೆ ಪರಿಶೀಲಿಸಬೇಕು. ಶಾಸನವು ಒಡೆದರೆ ಅದರ ತುಂಡುಗಳನ್ನಾದರೂ ಕೂಡಿಸಿ ಓದುವವರುಂಟು. ಒಡೆದ ಕುಂಡವಾದರೋ ತಳಪಾಯದ ಜಲ್ಲಿಯಾಗಿ ಮಣ್ಣುಪಾಲಾಗುತ್ತದೆ. ಆದುದರಿಂದ ಹಳೆಯ ಅಂಗಳಗಳ ದುರಸ್ತಿಗೆ ಮುನ್ನವೇ ಇವುಗಳ ಅಳತೆ, ಛಾಯಾಚಿತ್ರ ಮತ್ತು ಇದ್ದ ಸ್ಥಳವನ್ನು ದಾಖಲಿಸಿಡುವುದು ಸ್ಥಳೀಯ ಇತಿಹಾಸದ ವಿದ್ಯಾರ್ಥಿಗಳಿಗೆ ಸುಲಭಸಾಧ್ಯವೂ ಅವಶ್ಯವೂ ಆದ ಕಾರ್ಯ.